ಅಲುಗಿದ ಫೋಟೋದಿಂದ ಎಷ್ಟನ್ನು ಹಿಂದಕ್ಕೆ ತರಬಹುದು?

ಕೈ ಅಲುಗಿ ಕೆಟ್ಟ ಫೋಟೋದಲ್ಲಿ ಬೆಳಕು ಎಲ್ಲಿಗೂ ಹೋಗಿರುವುದಿಲ್ಲ. ಶಟರ್ ತೆರೆದಿದ್ದಷ್ಟು ಹೊತ್ತು ಸೆನ್ಸರಿಗೆ ಬರಬೇಕಾದ ಬೆಳಕೆಲ್ಲ ಬಂದೇ ಇರುತ್ತದೆ. ಒಂದು ಪಿಕ್ಸೆಲ್ ಮೇಲೆ ಬೀಳಬೇಕಾಗಿದ್ದದ್ದು ಹತ್ತೋ ಇಪ್ಪತ್ತೋ ಪಿಕ್ಸೆಲ್‌ಗಳ ಮೇಲೆ ಸಾಲಾಗಿ ಹರಡಿ, ಅಕ್ಕಪಕ್ಕದ ಬೆಳಕಿನ ಜೊತೆ ಬೆರೆತುಹೋಗಿರುತ್ತದೆ. ಬೆರೆತದ್ದನ್ನು ಬೇರ್ಪಡಿಸಬಹುದೇ ಎಂಬುದೇ ಇಲ್ಲಿನ ಪ್ರಶ್ನೆ. ಒಂದು ಮಟ್ಟದವರೆಗೆ ಬೇರ್ಪಡಿಸಬಹುದು, ಅದರಾಚೆಗೆ ಆಗುವುದಿಲ್ಲ. ಆ ಗಡಿ ದಾಟಿದ ಮೇಲೂ ಎಐ ಕೈಕಟ್ಟಿ ಕೂರುವುದಿಲ್ಲ. ತಾನು ಕಲಿತದ್ದರಿಂದ ತುಂಬಿಸುತ್ತಾ ಹೋಗುತ್ತದೆ. ಫೋಟೋ ಚೆನ್ನಾಗಿಯೇ ಕಾಣುತ್ತದೆ. ಯಾವ ಗೆರೆ ಕ್ಯಾಮೆರಾ ಕಂಡದ್ದು, ಯಾವ ಗೆರೆ ಮಾಡೆಲ್ (ಚಿತ್ರಗಳನ್ನು ನೋಡಿ ಕಲಿತ ಎಐ ಪ್ರೋಗ್ರಾಂ) ಬರೆದದ್ದು ಎಂದು ಮಾತ್ರ ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ಯಾವ ಆ್ಯಪ್ ಒಳ್ಳೆಯದು ಎಂದು ಹುಡುಕುವುದಕ್ಕಿಂತ, ಆ ಗಡಿ ನಮ್ಮ ಫೋಟೋದಲ್ಲಿ ಎಲ್ಲಿ ಬೀಳುತ್ತದೆ ಎಂದು ತಿಳಿಯುವುದು ಹೆಚ್ಚು ಮುಖ್ಯ ಎಂದು ನಾನು ನಂಬಿದ್ದೇನೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಮೊದಲು ಮಸುಕು ಯಾವ ಜಾತಿಯದ್ದು ಎಂದು ನೋಡಬೇಕು. ಫೋಟೋವನ್ನು 200 ಪರ್ಸೆಂಟ್ ಜೂಮ್ ಮಾಡಿ, ಅದರಲ್ಲಿ ಎಲ್ಲಾದರೂ ಚಿಕ್ಕ ಬೆಳಕಿನ ಚುಕ್ಕೆ ಇದೆಯೇ ಹುಡುಕಿ. ದೂರದ ಬಲ್ಬು, ಲೋಹದ ಮೇಲಿನ ಮಿಂಚು, ಕಣ್ಣಿನೊಳಗಿನ ಬಿಳಿ ಚುಕ್ಕೆ, ಯಾವುದಾದರೂ ಸರಿ. ಅದು ದುಂಡಗೆ ಊದಿಕೊಂಡಿದ್ದರೆ ಫೋಕಸ್ ತಪ್ಪಿದೆ ಎಂದರ್ಥ. ಗೆರೆಯಾಗಿ ಎಳೆದಿದ್ದರೆ ಅಥವಾ ಹುಳುವಿನ ಹಾಗೆ ಸೊಟ್ಟಗೆ ಹರಿದಿದ್ದರೆ ಚಲನೆಯ ಮಸುಕು. ಚಿತ್ರದ ಎಲ್ಲ ಮೂಲೆಗಳಲ್ಲೂ ಅದೇ ಸೊಟ್ಟ ಗೆರೆ ಕಂಡರೆ ಅಲುಗಿದ್ದು ಕ್ಯಾಮೆರಾ. ಮೂಲೆಗಳಲ್ಲಿ ಗೆರೆಗಳು ಒಂದು ನಡುಬಿಂದುವಿನ ಸುತ್ತ ಬಾಗಿದ್ದರೆ ಕ್ಯಾಮೆರಾ ಲೆನ್ಸಿನ ಅಕ್ಷದ ಸುತ್ತ ತಿರುಗಿದೆ. ಶಟರ್ ಬಟನ್ನನ್ನು ಜೋರಾಗಿ ಒತ್ತಿದಾಗ ಹೀಗಾಗುವುದುಂಟು. ಹಿನ್ನೆಲೆ ಚೊಕ್ಕವಾಗಿದ್ದು ಕೈ, ತಲೆ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ವ್ಯಕ್ತಿ. ಇನ್ನೊಂದು ಜಾತಿಯೂ ಇದೆ: ಕಡಿಮೆ ಬೆಳಕಿನಲ್ಲಿ ಫೋನು ನಾಯ್ಸ್ (ಚಿತ್ರದ ಮೇಲೆ ಉದುರಿದ ಕಾಳುಕಾಳಾದ ಕಲೆ) ಒರೆಸುವ ಭರದಲ್ಲಿ ಚರ್ಮ, ಕೂದಲು, ಬಟ್ಟೆಯ ನೇಯ್ಗೆಯನ್ನೆಲ್ಲ ಸವರಿ ಜಲವರ್ಣದಂತೆ ಮಾಡಿಬಿಡುತ್ತದೆ. ಅದಕ್ಕೆ ದಿಕ್ಕೇ ಇರುವುದಿಲ್ಲ. ಮೋಶನ್ ಬ್ಲರ್ ತೆಗೆಯುವ ಮಾಡೆಲ್‌ಗೆ ಅಂಥ ಫೋಟೋ ಕೊಟ್ಟರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಜಾತಿ ಗೊತ್ತಾದ ಮೇಲೆ ಅಳತೆ. ಆ ಚುಕ್ಕೆ ಎಷ್ಟು ಪಿಕ್ಸೆಲ್ ಉದ್ದ ಎಳೆದಿದೆ ಎಂದು ಎಣಿಸಿ. ಚುಕ್ಕೆ ಸಿಗದಿದ್ದರೆ, ಚೂಪಾಗಿ ಇರಬೇಕಾದ ಒಂದು ಅಂಚನ್ನು ನೋಡಿ: ಕಪ್ಪಿನಿಂದ ಬಿಳಿಗೆ ಹೋಗಲು ಅದು ಎಷ್ಟು ಪಿಕ್ಸೆಲ್ ತೆಗೆದುಕೊಂಡಿದೆಯೋ ಅದು ಅಂಚಿಗೆ ಅಡ್ಡವಾದ ದಿಕ್ಕಿನ ಮಸುಕಿನ ಉದ್ದ. ಈ ಉದ್ದ ಎಷ್ಟಿರಬಹುದೆಂದು ಲೆಕ್ಕ ಹಾಕಿಯೂ ತಿಳಿಯಬಹುದು. ಫುಲ್‌ಫ್ರೇಮ್ ಸೆನ್ಸರು 36 ಮಿಲಿಮೀಟರ್ ಅಗಲ, ಅದರಲ್ಲಿ 6000 ಪಿಕ್ಸೆಲ್ ಎಂದುಕೊಳ್ಳಿ. ಒಂದು ಪಿಕ್ಸೆಲ್ 0.006 ಮಿಲಿಮೀಟರ್. 50 ಮಿಲಿಮೀಟರ್ ಲೆನ್ಸಿನ ಮುಂದೆ 5 ಮೀಟರ್ ದೂರದಲ್ಲಿ ಒಬ್ಬರು ಸೆಕೆಂಡಿಗೆ 1.4 ಮೀಟರಿನಂತೆ ಅಡ್ಡಕ್ಕೆ ನಡೆದುಹೋಗುತ್ತಿದ್ದರೆ, ಸೆನ್ಸರಿನ ಮೇಲೆ ಅವರ ಬಿಂಬ ಸೆಕೆಂಡಿಗೆ 14 ಮಿಲಿಮೀಟರ್ ಸರಿಯುತ್ತದೆ. 1/60 ಸೆಕೆಂಡಿನ ಶಟರಿನಲ್ಲಿ ಅದು 0.23 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ 39 ಪಿಕ್ಸೆಲ್. ಸುಮ್ಮನೆ ನಡೆಯುತ್ತಿರುವವರದ್ದೇ ಇಷ್ಟು. ಬೀಸುವ ಕೈಯದ್ದು ಇನ್ನೂ ಹೆಚ್ಚು. ಇದಕ್ಕೆ ಹೋಲಿಸಿದರೆ ಕೈ ನಡುಕ ಸಣ್ಣದು: ಕ್ಯಾಮೆರಾ ಸೆಕೆಂಡಿಗೆ ಒಂದು ಡಿಗ್ರಿಯಷ್ಟು ತಿರುಗಿದರೂ 1/30 ಸೆಕೆಂಡಿನಲ್ಲಿ ಇದೇ ಲೆನ್ಸಿಗೆ 5 ಪಿಕ್ಸೆಲ್ ಮಾತ್ರ ಎಳೆಯುತ್ತದೆ.

ನನ್ನ ಅಂದಾಜಿನಲ್ಲಿ 5 ಪಿಕ್ಸೆಲ್ ಒಳಗಿನ ಮಸುಕನ್ನು ಯಾವ ಒಳ್ಳೆಯ ಸಾಧನವಾದರೂ ಸರಿಪಡಿಸುತ್ತದೆ. 5ರಿಂದ 20ರವರೆಗೆ ಎಐ ನಿಜವಾಗಿ ತನ್ನ ಕೈಚಳಕ ತೋರಿಸುವ ಜಾಗ. 20 ದಾಟಿತೆಂದರೆ ದೊಡ್ಡ ಆಕಾರಗಳು ಸರಿಯಾಗಿ ಬರುತ್ತವೆ, ಸಣ್ಣ ವಿವರಗಳು ಊಹೆಯತ್ತ ಜಾರುತ್ತವೆ. 40 ದಾಟಿದ ಮೇಲೆ ಪೂರ್ಣ ಗಾತ್ರದಲ್ಲಿ ನಂಬುವಂಥ ಫಲಿತಾಂಶ ಅಪರೂಪ.

ಯಾಕೆ ಹೀಗೆ ಗಡಿ ಬೀಳುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಪಟ್ಟೆ ಪಟ್ಟೆಯ ಬಟ್ಟೆಯೊಂದಿದೆ. 10 ಪಿಕ್ಸೆಲ್ ಕಪ್ಪು, 10 ಪಿಕ್ಸೆಲ್ ಬಿಳಿ, ಹೀಗೆ 20 ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಪಟ್ಟೆ. ಕ್ಯಾಮೆರಾ ಪಟ್ಟೆಗೆ ಅಡ್ಡವಾಗಿ ಒಂದೇ ವೇಗದಲ್ಲಿ ಸರಿಯಾಗಿ 20 ಪಿಕ್ಸೆಲ್ ಸರಿದರೆ ಏನಾಗುತ್ತದೆ? ಪ್ರತಿ ಪಿಕ್ಸೆಲ್ಲೂ ಒಂದು ಪೂರ್ತಿ ಕಪ್ಪು-ಬಿಳಿ ಜೋಡಿಯ ಸರಾಸರಿಯನ್ನು ಹಿಡಿಯುತ್ತದೆ. ಎಲ್ಲವೂ ಒಂದೇ ಬೂದು. ಪಟ್ಟೆ ಇತ್ತು ಎಂಬ ಸುಳಿವೂ ಆ ಫೈಲಿನಲ್ಲಿ ಉಳಿದಿರುವುದಿಲ್ಲ. 10 ಪಿಕ್ಸೆಲ್‌ಗೊಮ್ಮೆ ಬರುವ ಪಟ್ಟೆಗೂ ಇದೇ ಗತಿ. ಅದೇ 40 ಪಿಕ್ಸೆಲ್‌ಗೊಮ್ಮೆ ಬರುವ ಅಲೆಯಂಥ ಪಟ್ಟೆ ತನ್ನ ಕಾಂಟ್ರಾಸ್ಟಿನಲ್ಲಿ ಸುಮಾರು 64 ಪರ್ಸೆಂಟ್ ಉಳಿಸಿಕೊಂಡಿರುತ್ತದೆ, ಅದನ್ನು ಎತ್ತಿ ಹಿಡಿಯುವುದು ಸುಲಭ. ಅಳಿದುಹೋದ 10 ಮತ್ತು 20ರ ನಡುವೆ ಇನ್ನೊಂದು ವಿಚಿತ್ರವಿದೆ: 15 ಪಿಕ್ಸೆಲ್‌ಗೊಮ್ಮೆ ಬರುವ ಪಟ್ಟೆ ಅಳಿಯುವುದಿಲ್ಲ, ತಿರುವುಮುರುವಾಗುತ್ತದೆ. ಕಪ್ಪಿದ್ದ ಕಡೆ ಬಿಳಿ, ಬಿಳಿಯಿದ್ದ ಕಡೆ ಕಪ್ಪು, ಕಾಂಟ್ರಾಸ್ಟ್ ಮೂಲದ ಐದರಲ್ಲೊಂದು ಪಾಲು. ಅಲುಗಿದ ಅಕ್ಷರಗಳಲ್ಲಿ ಇಲ್ಲದ ಗೆರೆಗಳು ಮಸುಕಾಗಿ ಕಾಣಿಸುವುದು, ಒಂದು ರೆಪ್ಪೆ ಎರಡಾಗಿ ಕಾಣಿಸುವುದು ಇಂಥ ಕಾರಣಗಳಿಂದಲೇ. ಐದರಲ್ಲೊಂದಾದದ್ದನ್ನು ಮೂಲಕ್ಕೆ ತರಲು ಐದು ಪಟ್ಟು ಹಿಗ್ಗಿಸಬೇಕು, ಆಗ ನಾಯ್ಸ್ ಕೂಡ ಐದು ಪಟ್ಟು ಹಿಗ್ಗುತ್ತದೆ. ಪೂರ್ತಿ ಸೊನ್ನೆಯಾದದ್ದನ್ನು ಎಷ್ಟು ಪಟ್ಟು ಹಿಗ್ಗಿಸಿದರೂ ಸೊನ್ನೆಯೇ.

ಎಐ ಬರುವ ಮೊದಲಿನ ಗಣಿತವೆಲ್ಲ ಈ ಸೊನ್ನೆಗಳ ಜೊತೆಗಿನ ಹೋರಾಟ. ಗಣಿತಜ್ಞ ನಾರ್ಬರ್ಟ್ ವೀನರ್ ಹೆಸರಿನ ಫಿಲ್ಟರು ಎಲ್ಲಿ ಸಿಗ್ನಲ್ ನಾಯ್ಸಿಗಿಂತ ಬಲವಾಗಿದೆಯೋ ಅಲ್ಲಷ್ಟೇ ಹಿಗ್ಗಿಸಿ, ಉಳಿದೆಡೆ ಸುಮ್ಮನಾಗುತ್ತದೆ. ರಿಚರ್ಡ್‌ಸನ್ 1972ರಲ್ಲಿ, ಲೂಸಿ 1974ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ವಿಧಾನ ಒಂದು ಊಹೆಯಿಂದ ಹೊರಟು, ಅದನ್ನು ಮತ್ತೆ ಮಸುಕು ಮಾಡಿ, ಮೂಲದ ಜೊತೆ ಹೋಲಿಸಿ, ತಿದ್ದಿ, ಹೀಗೆ ಸುತ್ತು ಸುತ್ತಾಗಿ ಮುಂದುವರಿಯುತ್ತದೆ. 1990ರಲ್ಲಿ ಹಬಲ್ ದೂರದರ್ಶಕದ ಕನ್ನಡಿಯ ದೋಷ ಗೊತ್ತಾದ ಮೇಲೆ, 1993ರ ಡಿಸೆಂಬರಿನಲ್ಲಿ ರಿಪೇರಿಯಾಗುವವರೆಗೂ ಖಗೋಳ ವಿಜ್ಞಾನಿಗಳು ಇಂಥ ವಿಧಾನಗಳಿಂದಲೇ ಚಿತ್ರಗಳನ್ನು ತಿಳಿಗೊಳಿಸುತ್ತಿದ್ದರು. ಅದು ಚಲನೆಯ ಮಸುಕಲ್ಲ, ಆದರೆ ಗಣಿತ ಅದೇ. ಅವರಿಗಿದ್ದ ದೊಡ್ಡ ಅನುಕೂಲವೆಂದರೆ ಮಸುಕಿನ ಆಕಾರ ಮೊದಲೇ ಗೊತ್ತಿತ್ತು. ಪ್ರತಿ ನಕ್ಷತ್ರವೂ ಅದನ್ನು ತೋರಿಸುತ್ತಿತ್ತು. ನಮ್ಮ ಫೋಟೋಗಳಲ್ಲಿ ಆ ಆಕಾರವನ್ನೂ, ಚಿತ್ರವನ್ನೂ ಒಂದೇ ಫೈಲಿನಿಂದ ಹೆಕ್ಕಬೇಕು. 2006ರಲ್ಲಿ ರಾಬ್ ಫರ್ಗಸ್ ಮತ್ತು ಸಂಗಡಿಗರು, ಸಹಜ ಚಿತ್ರಗಳಲ್ಲಿ ಬಹುಪಾಲು ಜಾಗ ಸಮತಟ್ಟಾಗಿದ್ದು ಅಲ್ಲೊಂದು ಇಲ್ಲೊಂದು ಬಲವಾದ ಅಂಚು ಇರುತ್ತದೆ ಎಂಬ ಅಂಕಿಅಂಶದ ನಿಯಮವನ್ನು ಹಿಡಿದು ಇದನ್ನು ಮಾಡಿ ತೋರಿಸಿದರು. ಈ ದಾರಿಯಲ್ಲೂ ಒಂದು ಹೊಂಡವಿದೆ. ಸರಳವಾಗಿ ಲೆಕ್ಕ ಹಾಕಿದರೆ ಗಣಿತಕ್ಕೆ ಅತ್ಯಂತ ಹಿತವಾದ ಉತ್ತರ "ಚಿತ್ರವೇ ಮಸುಕಾದದ್ದು, ಕ್ಯಾಮೆರಾ ಅಲುಗಲೇ ಇಲ್ಲ" ಎಂಬುದು! ಅನತ್ ಲೆವಿನ್ ಮತ್ತಿತರರು 2009ರಲ್ಲಿ ಇದನ್ನು ಬಿಡಿಸಿ ಹೇಳಿದರು. 2013ರಲ್ಲಿ ಫೋಟೋಶಾಪ್‌ಗೆ ಶೇಕ್ ರಿಡಕ್ಷನ್ ಎಂಬ ಫಿಲ್ಟರು ಬಂದಾಗ ಇದೇ ಸಾಲಿನ ಗಣಿತ ಸಾಮಾನ್ಯರ ಕೈಗೆ ಸಿಕ್ಕಿತು. ಕೈ ನಡುಕಕ್ಕೆ ಈ ಗಣಿತ ತಕ್ಕಮಟ್ಟಿಗೆ ಸಾಕು. ಒಬ್ಬರು ನಡೆಯುತ್ತಾ ಇನ್ನೊಬ್ಬರು ನಿಂತಿರುವ ಫೋಟೋದಲ್ಲಿ ಮಾತ್ರ ಇಂಥ ಉಪಾಯ ಕೈಕೊಡುತ್ತದೆ, ಅಲ್ಲಿ ಮಸುಕಿನ ಆಕಾರ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೇರೆ.

ನರಜಾಲಗಳು (ಈಗಿನ ಎಐ ಮಾಡೆಲ್‌ಗಳ ಒಳಗಿನ ನ್ಯೂರಲ್ ನೆಟ್‌ವರ್ಕ್) ಗೆದ್ದದ್ದು ಇಲ್ಲೇ. ಅವು ಮಸುಕಿನ ಆಕಾರವನ್ನು ಬೇರೆಯಾಗಿ ಹುಡುಕುವ ಗೋಜಿಗೇ ಹೋಗುವುದಿಲ್ಲ. ಮಸುಕಾದದ್ದು-ಚೊಕ್ಕವಾದದ್ದು ಎಂಬ ಸಾವಿರಾರು ಜೋಡಿಗಳನ್ನು ನೋಡಿ, ಒಂದರಿಂದ ಇನ್ನೊಂದಕ್ಕೆ ನೇರವಾಗಿ ದಾಟುವುದನ್ನು ಕಲಿಯುತ್ತವೆ. ಹಾಗಾದರೆ ಜೋಡಿಗಳು ಎಲ್ಲಿಂದ? 2017ರಲ್ಲಿ ಸುಂಗ್‌ಜುನ್ ನಾ ಮತ್ತು ಸಂಗಡಿಗರು ಗೋಪ್ರೋ ಕ್ಯಾಮೆರಾದಿಂದ ಸೆಕೆಂಡಿಗೆ 240 ಫ್ರೇಮಿನ ವಿಡಿಯೋ ತೆಗೆದು, ಒತ್ತಟ್ಟಿಗಿನ 7ರಿಂದ 13 ಫ್ರೇಮುಗಳನ್ನು ಕೂಡಿ ಸರಾಸರಿ ಮಾಡಿ ಮಸುಕು ಹುಟ್ಟಿಸಿದರು. ನಡುವಿನ ಫ್ರೇಮೇ ಚೊಕ್ಕ ಜೋಡಿ. 1280×720 ಗಾತ್ರದ ಒಟ್ಟು 3214 ಜೋಡಿ, ಅದರಲ್ಲಿ 2103 ಕಲಿಕೆಗೆ, 1111 ಪರೀಕ್ಷೆಗೆ. ಆಮೇಲೆ ಬಂದ ಎಂಪಿಆರ್‌ನೆಟ್, ರೆಸ್ಟಾರ್ಮರ್, ನಾಫ್‌ನೆಟ್ ಮುಂತಾದ ಹೆಸರಾಂತ ಮಾಡೆಲ್‌ಗಳೆಲ್ಲ ಇದೇ ಗಣಿಯಲ್ಲಿ ಅಗೆದಿವೆ. ಫಲಿತಾಂಶ ಚೊಕ್ಕ ಜೋಡಿಗೆ ಎಷ್ಟು ಹತ್ತಿರ ಎಂದು ಹೇಳುವ, ಹೆಚ್ಚಿದಷ್ಟೂ ಒಳ್ಳೆಯದಾದ ಪಿಎಸ್‌ಎನ್‌ಆರ್ ಎಂಬ ಅಳತೆಗೋಲಿನಲ್ಲಿ 2017ರ ಸುಮಾರು 29 ಡೆಸಿಬೆಲ್‌ನಿಂದ 2022ರ ನಾಫ್‌ನೆಟ್‌ನ ಹೊತ್ತಿಗೆ 33.7ರ ಆಸುಪಾಸಿಗೆ ಏರಿದ್ದಾಯಿತು. ಐದು ವರ್ಷಕ್ಕೆ ಇದು ದೊಡ್ಡ ಜಿಗಿತವೇ.

ಆದರೆ ಆ ಗಣಿಯ ಗುಣದೋಷ ಎರಡೂ ಮಾಡೆಲ್‌ಗೆ ಅಂಟಿಕೊಂಡಿವೆ. ರಾತ್ರಿಯ ದೀಪವನ್ನೇ ತೆಗೆದುಕೊಳ್ಳಿ. ನಿಜವಾದ ಕ್ಯಾಮೆರಾದಲ್ಲಿ ಬೆಳಕು ಮೊದಲು ಕೂಡಿಕೊಳ್ಳುತ್ತದೆ, ಆಮೇಲೆ ಸೆನ್ಸರಿನ ಮಿತಿಗೆ ತಾಗಿ 255ಕ್ಕೆ (8 ಬಿಟ್ ಚಿತ್ರದ ಅತಿ ಬಿಳಿ ಬೆಲೆ) ಕತ್ತರಿಸಿಕೊಳ್ಳುತ್ತದೆ. ಹಾಗಾಗಿ ಅಲುಗಿದ ದೀಪದ ಗೆರೆ ಉದ್ದಕ್ಕೂ ಬೆಳ್ಳಗೆ ಇರುತ್ತದೆ. ಫ್ರೇಮುಗಳನ್ನು ಕೂಡಿಸಿದ ಕೃತಕ ಮಸುಕಿನಲ್ಲಿ ಪ್ರತಿ ಫ್ರೇಮೂ ಮೊದಲೇ ಕತ್ತರಿಸಿಕೊಂಡಿದ್ದು, ಸರಾಸರಿಯಲ್ಲಿ ಗೆರೆ ಮಂಕಾಗುತ್ತದೆ. ಮಾಡೆಲ್ ಕಲಿತದ್ದು ಮಂಕು ಗೆರೆಯನ್ನು ದೀಪವಾಗಿ ಮುದುಡುವುದನ್ನು. ಬೆಳ್ಳನೆಯ ಗೆರೆ ಕಂಡರೆ ಅದನ್ನೊಂದು ಬಿಳಿ ದಾರವೆಂದು ತಿಳಿದು ಹಾಗೇ ಬಿಡುತ್ತದೆ, ಕೆಲವೊಮ್ಮೆ ಇನ್ನಷ್ಟು ಚೂಪು ಮಾಡುತ್ತದೆ. ಸುತ್ತಲಿನ ಗೋಡೆ, ಮುಖ ಎಲ್ಲ ತಿಳಿಯಾಗಿ, ದೀಪಗಳು ಮಾತ್ರ ಬಾಲ ಬಿಟ್ಟುಕೊಂಡೇ ಉಳಿಯುವುದು ಇದರಿಂದ. ಎರಡನೆಯದು ನಾಯ್ಸ್: ಹತ್ತು ಫ್ರೇಮು ಕೂಡಿಸಿದಾಗ ನಾಯ್ಸ್ ತಾನಾಗಿ ತಗ್ಗುತ್ತದೆ, ಹೀಗಾಗಿ ಕಲಿಕೆಯ ಮಸುಕು ನಿಜದ ಮಸುಕಿಗಿಂತ ನುಣುಪು. 2020ರ ರಿಯಲ್‌ಬ್ಲರ್ ಸಂಗ್ರಹ ಇದನ್ನು ತಿದ್ದಲು ಹೊರಟಿತು. ಒಂದೇ ದೃಶ್ಯದ ಬೆಳಕನ್ನು ಬೀಮ್ ಸ್ಪ್ಲಿಟರ್ ಗಾಜಿನಿಂದ ಎರಡು ಕ್ಯಾಮೆರಾಗಳಿಗೆ ಹಂಚಿ, ಒಂದರಲ್ಲಿ ನಿಧಾನ ಶಟರು, ಇನ್ನೊಂದರಲ್ಲಿ ವೇಗದ ಶಟರು ಇಟ್ಟು, ನಿಜವಾದ ಮಂದ ಬೆಳಕಿನ ಜೋಡಿಗಳನ್ನು ಹಿಡಿಯಿತು. ಒಂದೇ ಮಾಡೆಲ್‌ಗೆ ಆ ಗೋಪ್ರೋ ಜೋಡಿಗಳ ಮೇಲೆ ಕಲಿತ ತೂಕಗಳೂ (ಕಲಿತದ್ದನ್ನು ಅಂಕಿಗಳಾಗಿ ಹಿಡಿದಿಟ್ಟ ಫೈಲು) ರಿಯಲ್‌ಬ್ಲರ್ ಮೇಲೆ ಕಲಿತ ತೂಕಗಳೂ ಸಿಗುವುದಾದರೆ, ಒಳಾಂಗಣದ, ರಾತ್ರಿಯ ಫೋಟೋಗಳಿಗೆ ಎರಡನೆಯದನ್ನೇ ಆರಿಸಿ.

ಮಾಡೆಲ್‌ಗಳಲ್ಲಿ ಎರಡು ಮನೆತನಗಳಿವೆ, ಆಯ್ಕೆ ಮಾಡುವಾಗ ಇದು ತಿಳಿದಿರಲೇಬೇಕು. ಪಿಕ್ಸೆಲ್ ಮಟ್ಟದ ತಪ್ಪನ್ನು ಕಡಿಮೆ ಮಾಡುವಂತೆ ಕಲಿತವು ಮೊದಲನೆಯವು. ರೆಸ್ಟಾರ್ಮರ್, ನಾಫ್‌ನೆಟ್ ಈ ಮನೆತನದವು. ಒಂದು ಜಾಗಕ್ಕೆ ನಾಲ್ಕು ಉತ್ತರ ಸಾಧ್ಯವಿದ್ದರೆ ಅವು ನಾಲ್ಕರ ಸರಾಸರಿ ಕೊಡುತ್ತವೆ. ಹಾಗಾಗಿ ಗೊತ್ತಿಲ್ಲದ ಕಡೆ ಮೆತ್ತಗಾಗಿ, ಮಸುಕಾಗಿಯೇ ಉಳಿಯುತ್ತವೆ. ಎರಡನೆಯವು ಹುಟ್ಟಿಸುವ ಮಾಡೆಲ್‌ಗಳು: 2018ರ ಡಿಬ್ಲರ್‌ಗ್ಯಾನ್‌ನಿಂದ ಹಿಡಿದು ಈಗಿನ ಡಿಫ್ಯೂಶನ್ ಮಾಡೆಲ್‌ಗಳವರೆಗೆ. ಇವು ನಾಲ್ಕರಲ್ಲಿ ಒಂದನ್ನು ಆರಿಸಿ ಗಟ್ಟಿಯಾಗಿ ಬರೆದುಬಿಡುತ್ತವೆ. ನೋಡಲು ಎರಡನೆಯವೇ ಚೆನ್ನ. ನನಗೆ ಮಾತ್ರ ಮೊದಲನೆಯವುಗಳ ಮೇಲೆಯೇ ಪ್ರೀತಿ. ಗೊತ್ತಿಲ್ಲದ್ದನ್ನು ಮಸುಕಾಗಿ ಬಿಡುವ ಚಿತ್ರ, ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ತಾನೇ ಹೇಳುತ್ತಿರುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಎರಡನೆಯದಾದರೂ ಅಡ್ಡಿಯಿಲ್ಲ. ದಾಖಲೆ, ಸಾಕ್ಷ್ಯ, ತೀರಿಕೊಂಡವರ ಮುಖ, ಇವಕ್ಕೆ ಮೊದಲನೆಯದೇ ಇರಲಿ.

ಇನ್ನು ಕೆಲಸದ ಕ್ರಮ. ಮೂಲ ಫೈಲು ಬೇಕು. ಮೆಸೇಜಿಂಗ್ ಆ್ಯಪಿನಲ್ಲಿ ಕೈ ದಾಟಿ ಬಂದ ಫೋಟೋವನ್ನು ಕುಗ್ಗಿಸಿ, ಮತ್ತೆ ಜೆಪೆಗ್ ಮಾಡಲಾಗಿರುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಸಣ್ಣ ಕಾಂಟ್ರಾಸ್ಟಿನ ವಿವರಗಳನ್ನೇ ಮೊದಲು ಎಸೆಯುತ್ತದೆ. ಮಸುಕಿನಲ್ಲಿ ಐದರಲ್ಲೊಂದು ಪಾಲಾಗಿ ಉಳಿದಿದ್ದ ಆ ಪಟ್ಟೆಯ ಸುಳಿವು ಹೀಗೆ ಎಸೆಯುವ ಪಟ್ಟಿಯ ಮೊದಲಲ್ಲೇ ಇರುತ್ತದೆ. ರಾ ಫೈಲಿದ್ದರೆ (ಸೆನ್ಸರು ಕಂಡದ್ದನ್ನು ತಿದ್ದದೆ ಉಳಿಸಿದ್ದು) ಬಹಳ ಒಳ್ಳೆಯದು. ಅದನ್ನು ತೆರೆಯುವಾಗ ಶಾರ್ಪನಿಂಗ್ ಸೊನ್ನೆಗಿಳಿಸಿ. ಕ್ಲಾರಿಟಿ, ಟೆಕ್ಸ್ಚರ್, ಡಿಹೇಜ್ ಯಾವುದನ್ನೂ ಮುಟ್ಟಬೇಡಿ. ಮಸುಕಿನ ಅಂಚಿಗೆ ಶಾರ್ಪನಿಂಗ್ ಹಾಕಿದರೆ ಅದರ ಎರಡೂ ಬದಿಗೆ ಹಾಲೋ, ಅಂದರೆ ಇಲ್ಲದ ಬಿಳಿ-ಕಪ್ಪು ಪಟ್ಟಿ ಹುಟ್ಟುತ್ತದೆ, ಮಾಡೆಲ್ ಅದನ್ನೂ ಒಂದು ವಸ್ತುವಿನ ಅಂಚೆಂದು ತಿಳಿದು ಗಟ್ಟಿಮಾಡುತ್ತದೆ. ಬಣ್ಣದ ನಾಯ್ಸನ್ನು ಮೊದಲೇ ತೆಗೆಯಿರಿ, ಅದರಿಂದ ನಷ್ಟವಿಲ್ಲ. ಹೊಳಪಿನ ನಾಯ್ಸನ್ನು ಅರ್ಧಂಬರ್ಧ ಮಾತ್ರ ತಗ್ಗಿಸಿ. ಪೂರ್ತಿ ಬಿಟ್ಟರೆ ಕೂದಲು, ಹುಲ್ಲುಗಳಲ್ಲಿ ಹುಳುಗಳು ಹರಿದಾಡಿದಂಥ ಗೀಟುಗಳು ಬರುತ್ತವೆ. ಪೂರ್ತಿ ಒರೆಸಿದರೆ ಮಸುಕಿನ ಗೆರೆಯ ಎರಡು ತುದಿಗಳು ಸವೆದು, ಮಾಡೆಲ್‌ಗೆ ಮಸುಕು ಎಷ್ಟು ಉದ್ದವೆಂದು ತಿಳಿಯುವುದೇ ಇಲ್ಲ. ಲೆನ್ಸಿನ ಬಾಗುವಿಕೆ ತಿದ್ದುವುದು, ವಾಲಿಸುವುದು, ಹಿಗ್ಗಿಸುವುದು ಎಲ್ಲ ಆಮೇಲೆ. 16 ಬಿಟ್ ಟಿಫ್ ಆಗಿ ಉಳಿಸಿ, ಬಣ್ಣದ ಜಾಗ ಪರದೆಗಳಲ್ಲಿ ಸಾಮಾನ್ಯವಾದ ಎಸ್‌ಆರ್‌ಜಿಬಿ ಇರಲಿ. ಈ ಕೊನೆಯದಕ್ಕೆ ಕಾರಣವಿದೆ. ಹಳೆಯ ಗಣಿತದ ವಿಧಾನಗಳಿಗೆ ಗಾಮಾ (ಹೊಳಪಿನ ಬೆಲೆಗಳನ್ನು ಕಣ್ಣಿಗೆ ತಕ್ಕಂತೆ ಬಾಗಿಸುವ ಲೆಕ್ಕ) ತೆಗೆದ ರೇಖೀಯ ಚಿತ್ರ ಕೊಡಬೇಕು, ಏಕೆಂದರೆ ಬೆಳಕು ಬೆರೆಯುವುದು ಅಲ್ಲಿ. ನರಜಾಲಗಳು ಹೆಚ್ಚಾಗಿ ಎಸ್‌ಆರ್‌ಜಿಬಿ ಚಿತ್ರಗಳ ಮೇಲೆಯೇ ಕಲಿತಿವೆ. ಅವುಗಳಿಗೆ ರೇಖೀಯ ಚಿತ್ರ ಕೊಟ್ಟರೆ ನೆರಳಿನ ಭಾಗ ಹಾಗೇ ಉಳಿದು, ಬೆಳಕಿನ ಭಾಗ ಅತಿಯಾಗುತ್ತದೆ.

ಮುಕ್ತವಾಗಿ ಸಿಗುವ ಮಾಡೆಲ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಪೈಟಾರ್ಚ್ ಎಂಬ ಎಐ ತಂತ್ರಾಂಶದ ಮೂಲಕ ಓಡಿಸುವವರು ಎಡವುವ ಜಾಗಗಳು ಕೆಲವು. ಚಿತ್ರ ತೆರೆಯಲು ಬಳಸುವ ಓಪನ್‌ಸಿವಿ ಎಂಬ ತಂತ್ರಾಂಶ ಚಿತ್ರವನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಓದುತ್ತದೆ. ಹಾಗೇ ಉಳಿಸಿದರೆ ಮುಖಗಳು ನೀಲಿಗಟ್ಟುತ್ತವೆ. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಒಳಗೆ ಹೋಗುವಾಗ ಒಂದು ಕ್ರಮ ತಪ್ಪಿ, ಹೊರಬರುವಾಗ ಅದೇ ತಪ್ಪು ಇನ್ನೊಮ್ಮೆ ಆಗಿ ಬಣ್ಣ ಸರಿಹೋಗಿಬಿಟ್ಟರೆ ಮಾತ್ರ ಕಷ್ಟ: ಚಿತ್ರ ಸರಿಯಾಗಿಯೇ ಕಾಣುತ್ತದೆ, ಮಾಡೆಲ್ ಒಳಗೆ ನೀಲಿ ಮುಖಗಳನ್ನು ನೋಡಿ ಅರೆಮನಸ್ಸಿನ ಕೆಲಸ ಮಾಡಿರುತ್ತದೆ. ಬೆಲೆಗಳು 0ರಿಂದ 1ರ ನಡುವೆ ಇರಬೇಕು. ಚಿತ್ರದ ಅಗಲ, ಎತ್ತರ ರೆಸ್ಟಾರ್ಮರ್‌ಗೆ 8ರ, ನಾಫ್‌ನೆಟ್‌ಗೆ 16ರ ಗುಣಕವಾಗಿರುವಂತೆ ಅಂಚನ್ನು ಕನ್ನಡಿಯ ಹಾಗೆ ಮಡಿಸಿ ತುಂಬಿ; ಕಪ್ಪು ತುಂಬಿದರೆ ಅಂಚಿನಲ್ಲಿ ಹೊಸದೊಂದು ಗಡಸು ಗೆರೆ ಹುಟ್ಟುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮರಿ ಸಾಲದಿದ್ದರೆ 512 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಒಂದರ ಮೇಲೊಂದು 64 ಪಿಕ್ಸೆಲ್ ಹಾಯುವಂತೆ ಇಟ್ಟು, ಹಾಯುವ ಜಾಗದಲ್ಲಿ ನಿಧಾನವಾಗಿ ಬೆರೆಸಿ. ಹಾಯುವ ಪಟ್ಟಿ ಮಸುಕಿನ ಉದ್ದಕ್ಕಿಂತ ಕಡಿಮೆಯಾದರೆ, ಗೆರೆಯ ಅರ್ಧ ಒಂದು ಚೌಕದಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಸಿಕ್ಕಿ ಎರಡೂ ತಪ್ಪಾಗುತ್ತವೆ. ಚೌಕಗಳ ನಡುವೆ ಹೊಳಪಿನ ವ್ಯತ್ಯಾಸ ಕಂಡರೆ ಕಾರಣ ಬೇರೆ: ಕೆಲವು ಮಾಡೆಲ್‌ಗಳು ಇಡೀ ಚೌಕದ ಸರಾಸರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಆಕಾಶವಿರುವ ಚೌಕದ ಸರಾಸರಿಯೂ ನೆಲವಿರುವ ಚೌಕದ್ದೂ ಒಂದೇ ಆಗಿರುವುದಿಲ್ಲ.

ಮಸುಕು 20 ಪಿಕ್ಸೆಲ್‌ಗಿಂತ ಉದ್ದವಾಗಿದ್ದರೆ ನೇರವಾಗಿ ಓಡಿಸಬೇಡಿ. ಆ 39 ಪಿಕ್ಸೆಲ್‌ನ ಉದಾಹರಣೆಗೇ ಮರಳಿದರೆ, 6000 ಪಿಕ್ಸೆಲ್ ಅಗಲದ ಚಿತ್ರವನ್ನು 2000ಕ್ಕೆ ಇಳಿಸಿದಾಗ ಅದೇ ಮಸುಕು 13 ಪಿಕ್ಸೆಲ್ ಆಗುತ್ತದೆ. ಮಾಡೆಲ್ ತನ್ನ ಕಲಿಕೆಯಲ್ಲಿ ಕಂಡ ಅಳತೆ ಇದು. ಪೂರ್ಣ ಗಾತ್ರದಲ್ಲಿ ಏನೂ ಬದಲಾಗದೆ ಬಂದ ಫೋಟೋ ಹೀಗೆ ಇಳಿಸಿದ ಕೂಡಲೇ ತಿಳಿಯಾಗುವುದನ್ನು ಕಾಣಬಹುದು. ಇಳಿಸಿದ್ದರಿಂದ ವಿವರ ಹೋಯಿತೆಂಬ ಕೊರಗು ಬೇಡ. 39 ಪಿಕ್ಸೆಲ್ ಎಳೆದ ಫೋಟೋದಲ್ಲಿ ಆ ದಿಕ್ಕಿನ ನಯವಾದ ವಿವರ ಇರಲೇ ಇಲ್ಲ. ಒಮ್ಮೆ ಓಡಿಸಿದ್ದನ್ನು ಮತ್ತೆ ಓಡಿಸುವ ಆಸೆಯನ್ನು ತಡೆದುಕೊಳ್ಳಿ. ಎರಡನೇ ಸಲ ಮಾಡೆಲ್‌ಗೆ ಸಿಗುವುದು ಮಸುಕಲ್ಲ, ಮೊದಲ ಸಲದ ಎಡವಟ್ಟುಗಳು.

ವ್ಯಕ್ತಿ ಮಾತ್ರ ಅಲುಗಿದ ಫೋಟೋದಲ್ಲಿ ಫಲಿತಾಂಶವನ್ನು ಮೇಲಿನ ಲೇಯರಿನಲ್ಲಿಟ್ಟು, ಮಾಸ್ಕ್ ಹಾಕಿ, ಬೇಕಾದ ಕಡೆಯಷ್ಟೇ ತೋರಿಸಿ. ಚೊಕ್ಕವಾಗಿದ್ದ ಹಿನ್ನೆಲೆಯನ್ನೂ ಮಾಡೆಲ್ ಮುಟ್ಟಿರುತ್ತದೆ, ಅದರ ಅಗತ್ಯವಿಲ್ಲ. ತಿಳಿಯಾದ ಭಾಗದಲ್ಲಿ ನಾಯ್ಸ್ ಅಳಿದು ಮೇಣದ ಬೊಂಬೆಯಂತಾಗಿರುತ್ತದೆ. ಸುತ್ತಲಿನ ಭಾಗದಷ್ಟೇ ಒರಟಿನ ಗ್ರೇನ್ ಸೇರಿಸಿ, ಲೇಯರನ್ನು 70-80 ಪರ್ಸೆಂಟಿಗೆ ಇಳಿಸಿದರೆ ಎರಡೂ ಒಂದೇ ಫೋಟೋದ ಭಾಗಗಳಂತೆ ಕೂಡಿಕೊಳ್ಳುತ್ತವೆ. ಪ್ಯಾನಿಂಗ್ ಮಾಡಿ (ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸಿ) ತೆಗೆದ ಫೋಟೋಗಳನ್ನು, ನರ್ತಕಿಯ ಸೆರಗಿನ ಬೀಸನ್ನು, ಹರಿಯುವ ನೀರನ್ನು ಮಾಡೆಲ್‌ಗೆ ಕೊಡಲೇಬೇಡಿ. ಅಲ್ಲಿ ಚಲನೆಯೇ ವಿಷಯ.

ಕೆಲಸ ಮುಗಿದ ಮೇಲೆ ನೋಡಬೇಕಾದ ಜಾಗಗಳಿವೆ. ಕಣ್ಣಿನ ಬಿಳಿ ಚುಕ್ಕೆ ಇನ್ನೂ ಗೆರೆಯಾಗಿಯೇ ಇದ್ದು ಸುತ್ತಲಿನ ಪಾಪೆ ಮಾತ್ರ ಅಂಚುಗಟ್ಟಿ ದುಂಡಗಾಗಿದ್ದರೆ, ಆ ಪಾಪೆ ಹೆಚ್ಚಿನಂಶ ಊಹೆ. ಒಂದೇ ಮುಖ, ಒಂದೇ ಚಲನೆ, ಎರಡೂ ಒಂದೇ ತರ್ಕಕ್ಕೆ ಬಗ್ಗಬೇಕಿತ್ತು. ಎರಡು ಕಣ್ಣುಗಳ ರೆಪ್ಪೆಗಳನ್ನು ಹೋಲಿಸಿ. ಒಂದರಲ್ಲಿ ಮಡಿಕೆ ಎರಡಾಗಿದ್ದರೆ ಅದು ಮಸುಕಿನ ತಿರುವುಮುರುವು ಗೆರೆಯನ್ನು ಮಾಡೆಲ್ ನಿಜವೆಂದು ನಂಬಿದ ಗುರುತು. ಹಲ್ಲುಗಳ ನಡುವಿನ ಸಂದು ಅಂಕುಡೊಂಕಾಗಿರುವುದು, ಕಿವಿಯ ಸುರುಳಿ ಅರ್ಧಕ್ಕೆ ನಿಲ್ಲುವುದು ಕೂಡ ಹೀಗೆಯೇ. ಅಕ್ಷರಗಳಲ್ಲಿ ಇನ್ನೂ ಎಚ್ಚರ ಬೇಕು. ಕನ್ನಡದಲ್ಲಿ ದ-ಧ, ಪ-ಫ, ಬ-ಭ ಜೋಡಿಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಬೋರ್ಡಿನ ಫೋಟೋದಲ್ಲಿ ಅಕ್ಷರ 30 ಪಿಕ್ಸೆಲ್ ಎತ್ತರವಿದ್ದು ಅಡ್ಡಕ್ಕೆ 8 ಪಿಕ್ಸೆಲ್ ಎಳೆದಿದ್ದರೆ, ಮೂರ್ನಾಲ್ಕು ಪಿಕ್ಸೆಲ್‌ನ ಆ ಸೀಳು ತನ್ನ ಎರಡು ಪಟ್ಟಿಗಿಂತ ಅಗಲಕ್ಕೆ ಹರಡಿ ತೆಳುವಾಗಿರುತ್ತದೆ. ತಿಳಿಯಾದ ಚಿತ್ರದಲ್ಲಿ ಅಚ್ಚುಕಟ್ಟಾದ ದ ಕಂಡರೂ ಅದು ಧ ಆಗಿದ್ದಿರಬಹುದು. ಅಂಕಿಗಳಲ್ಲಿ 3, 8, 6 ಹೀಗೆ ಮೋಸಮಾಡುತ್ತವೆ.

ಕಣ್ಣಳತೆಗಿಂತ ಗಟ್ಟಿಯಾದ ಪರೀಕ್ಷೆಯೊಂದಿದೆ. ತಿಳಿಯಾದ ಚಿತ್ರವನ್ನು, ಮೊದಲು ಅಳೆದ ಉದ್ದ ಮತ್ತು ದಿಕ್ಕಿನಲ್ಲಿ ಮತ್ತೆ ಮಸುಕು ಮಾಡಿ, ಮೂಲದಿಂದ ಕಳೆಯಿರಿ. ಉಳಿದದ್ದು ಬರೀ ನಾಯ್ಸಿನಂತಿದ್ದರೆ ಫಲಿತಾಂಶ ಮೂಲದ ಜೊತೆ ಹೊಂದುತ್ತದೆ. ಕಣ್ಣು, ಮೂಗಿನ ಬಾಹ್ಯರೇಖೆ ಕಂಡರೆ ಮಾಡೆಲ್ ಅಲ್ಲಿ ಏನನ್ನೋ ಸೇರಿಸಿದೆ ಅಥವಾ ಬಿಟ್ಟಿದೆ. ಆದರೆ ಹೊಂದಿತು ಎಂದ ಮಾತ್ರಕ್ಕೆ ನಿಜವೆಂದು ಹೇಳಲಾಗದು. 20 ಪಿಕ್ಸೆಲ್‌ನ ಆ ಪಟ್ಟೆಯನ್ನು ನೆನೆಸಿಕೊಳ್ಳಿ: ಮಾಡೆಲ್ ಬೋಳು ಬಟ್ಟೆಗೆ ತಾನಾಗಿ ಪಟ್ಟೆ ಬರೆದಿದ್ದರೂ ಮತ್ತೆ ಮಸುಕು ಮಾಡಿದಾಗ ಅದೇ ಬೂದು ಬಣ್ಣವೇ ಬರುತ್ತದೆ. ಅದಕ್ಕೆ ಇನ್ನೊಂದು ಉಪಾಯ: ಚಿತ್ರವನ್ನು ಎಡಬಲ ತಿರುಗಿಸಿ ಓಡಿಸಿ, ಬಂದದ್ದನ್ನು ಮತ್ತೆ ತಿರುಗಿಸಿ, ಮೊದಲ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿ. ಬೇರೆ ಮನೆತನದ ಇನ್ನೊಂದು ಮಾಡೆಲನ್ನೂ ಓಡಿಸಿ. ಮೂರರಲ್ಲೂ ಒಂದೇ ಆಗಿ ಬಂದ ಗೆರೆಗೆ ಆಧಾರ ಇರುವ ಸಂಭವ ಹೆಚ್ಚು. ಮೂರರಲ್ಲಿ ಮೂರು ಬಗೆಯಾದ ಗೆರೆಗೆ ಆಧಾರವಿಲ್ಲ.

ಮುಖ ಮತ್ತು ವಾಹನದ ನಂಬರ್ ಪ್ಲೇಟ್ ವಿಷಯದಲ್ಲಿ ನಾನು ಕಟ್ಟುನಿಟ್ಟು. 2020ರಲ್ಲಿ ಪಲ್ಸ್ ಎಂಬ ಮಾಡೆಲ್‌ಗೆ ಬರಾಕ್ ಒಬಾಮರ ದಪ್ಪ ಪಿಕ್ಸೆಲ್‌ಗಳ ಚಿಕ್ಕ ಚಿತ್ರವೊಂದನ್ನು ಕೊಟ್ಟಾಗ ಅದು ಹೊರಗೆ ಕೊಟ್ಟದ್ದು ಒಬ್ಬ ಬಿಳಿಯ ವ್ಯಕ್ತಿಯ ಮುಖವನ್ನು. ಅದು ಚಿತ್ರ ಹಿಗ್ಗಿಸುವ ಮಾಡೆಲ್, ಮಸುಕು ತೆಗೆಯುವುದಲ್ಲ, ಆದರೆ ಬೇರು ಒಂದೇ: ಆಧಾರ ಸಾಲದಾದಾಗ ಮಾಡೆಲ್ ತನ್ನ ಕಲಿಕೆಯಲ್ಲಿ ಹೆಚ್ಚಾಗಿ ಕಂಡದ್ದನ್ನು ತುಂಬುತ್ತದೆ. ಹುಟ್ಟಿಸುವ ಮಾಡೆಲ್‌ನಿಂದ ತಿಳಿಯಾದ ಮುಖವನ್ನು ಗುರುತು ಹಿಡಿಯಲು ಬಳಸಕೂಡದು. ನಂಬರ್ ಪ್ಲೇಟಿಗೆ, ಸಾಧ್ಯವಿರುವ ಅಂಕಿಗಳನ್ನೆಲ್ಲ ಅದೇ ಅಚ್ಚಿನಲ್ಲಿ ಬರೆದು, ಅಳೆದ ಮಸುಕನ್ನು ಅವುಗಳಿಗೆ ಹಾಕಿ, ಯಾವುದು ಮೂಲಕ್ಕೆ ಹೊಂದುತ್ತದೆ ಎಂದು ನೋಡುವುದು ಹೆಚ್ಚು ಪ್ರಾಮಾಣಿಕ. ಎರಡು ಅಂಕಿಗಳು ಸಮನಾಗಿ ಹೊಂದಿದರೆ ಎರಡನ್ನೂ ಬರೆದಿಡಬೇಕು.

ಮಸುಕು ತೆಗೆಯುವ ಕೆಲಸವನ್ನು ಫೋಟೋ ತೆಗೆಯುವಾಗಲೇ ಶುರುಮಾಡಿದರೆ ಗಣಿತ ಎಷ್ಟು ಹಗುರಾಗುತ್ತದೆ ಎಂಬುದಕ್ಕೆ ಒಂದು ಸೊಗಸಾದ ಸಾಕ್ಷಿ 2006ರದ್ದು. ರಮೇಶ್ ರಸ್ಕರ್, ಅಮಿತ್ ಅಗರವಾಲ್, ಜಾಕ್ ಟಂಬ್ಲಿನ್ ಮೂವರೂ ಶಟರನ್ನು ಒಮ್ಮೆ ತೆರೆದು ಮುಚ್ಚುವ ಬದಲು, ಅಷ್ಟೇ ಹೊತ್ತನ್ನು 52 ತುಂಡು ಮಾಡಿ, ಆಯ್ದ ಒಂದು ಸಂಕೇತದ ಪ್ರಕಾರ ಪಟಪಟನೆ ತೆರೆದು ಮುಚ್ಚುವಂತೆ ಮಾಡಿದರು. ಹೀಗೆ ಮುರಿದ ಮಸುಕಿನಲ್ಲಿ ಯಾವ ಪಟ್ಟೆಯೂ ಪೂರ್ತಿ ಸೊನ್ನೆಯಾಗುವುದಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಎಐ ಇಲ್ಲದೆ, ಹಳೆಯ ಸರಳ ಗಣಿತದಿಂದಲೇ ಉದ್ದನೆಯ ಮಸುಕು ಬಿಡಿಸಿಕೊಂಡಿತು. 2021ರ ಗೂಗಲ್ ಪಿಕ್ಸೆಲ್ 6 ಫೋನಿನ ಫೇಸ್ ಅನ್‌ಬ್ಲರ್ ಕೂಡ ಇದೇ ದಾರಿಯದ್ದು. ಅದು ಮುಖ್ಯ ಕ್ಯಾಮೆರಾದ ಜೊತೆಗೇ ಅಲ್ಟ್ರಾವೈಡ್ ಕ್ಯಾಮೆರಾವನ್ನು ಹೆಚ್ಚಿನ ಶಟರ್ ವೇಗದಲ್ಲಿ ಓಡಿಸಿ, ನಾಯ್ಸ್ ತುಂಬಿದ್ದರೂ ಚೂಪಾದ ಮುಖವನ್ನು ಅಲ್ಲಿಂದ ಪಡೆದು ಬೆಸೆಯುತ್ತದೆ. ಅಲ್ಲಿನ ಮುಖ ನಿಜವಾಗಿ ಕಂಡ ಮುಖ. ಮರುವರ್ಷ ಬಂದ ಫೋಟೋ ಅನ್‌ಬ್ಲರ್ ಹಳೆಯ ಒಂಟಿ ಫೋಟೋಗಳ ಮೇಲೂ ಕೆಲಸ ಮಾಡುತ್ತದೆ, ಆದ್ದರಿಂದ ಅದು ಊಹೆಯನ್ನು ಅವಲಂಬಿಸದೆ ವಿಧಿಯಿಲ್ಲ. ಹೆಸರು ಹತ್ತಿರ ಹತ್ತಿರ, ಕೆಲಸ ಬಹಳ ಬೇರೆ.

ಬರ್ಸ್ಟ್ ಫೋಟೋಗಳು (ಒಂದರ ಹಿಂದೊಂದು ಪಟಪಟನೆ ತೆಗೆದವು) ಉಳಿದಿದ್ದರೆ ಅಳಿಸಬೇಡಿ, ಅಲುಗಿದವನ್ನೂ ಸಹ. ಒಂದು ಫ್ರೇಮು ಅಡ್ಡಕ್ಕೆ ಎಳೆದಿದ್ದು ಇನ್ನೊಂದು ಓರೆಯಾಗಿ ಎಳೆದಿದ್ದರೆ, ಒಂದರಲ್ಲಿ ಸೊನ್ನೆಯಾದ ವಿವರ ಇನ್ನೊಂದರಲ್ಲಿ ಉಳಿದಿರುತ್ತದೆ. ಹಲವು ಫ್ರೇಮುಗಳನ್ನು ಒಟ್ಟಿಗೆ ನೋಡುವ ವಿಡಿಯೋ ಮಾಡೆಲ್‌ಗಳು ಒಂಟಿ ಚಿತ್ರದ ಮಾಡೆಲ್‌ಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿರುವುದು ಈ ಕಾರಣಕ್ಕೆ. ಮತ್ತೆ ಶಟರ್ ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) ನಡುವೆ ಆಯ್ಕೆ ಬಂದಾಗ ಐಎಸ್‌ಒ ಏರಿಸಿ. 1/60ರಿಂದ 1/250ಕ್ಕೆ ಹೋಗಲು ಎರಡು ಸ್ಟಾಪ್ (ಪ್ರತಿ ಸ್ಟಾಪಿಗೆ ಬೆಳಕಿನ ಎರಡು ಪಟ್ಟು ವ್ಯತ್ಯಾಸ) ಸಾಕು, ಐಎಸ್‌ಒ 800 ಇದ್ದದ್ದು 3200 ಆಗುತ್ತದೆ. ನಡೆದುಹೋಗುತ್ತಿದ್ದ ಆ ವ್ಯಕ್ತಿಯ 39 ಪಿಕ್ಸೆಲ್ ಮಸುಕು ಆಗ 9ಕ್ಕೆ ಇಳಿಯುತ್ತದೆ. 3200ರ ನಾಯ್ಸ್ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸಂಬಂಧವಿಲ್ಲದೆ ಉದುರಿದ್ದು, ಅದನ್ನು ಅಂಚಿನಿಂದ ಬೇರ್ಪಡಿಸಲು ಮಾಡೆಲ್‌ಗೆ ಆಧಾರ ಸಿಗುತ್ತದೆ. 9 ಪಿಕ್ಸೆಲ್‌ನ ಮಸುಕೂ ಅದರ ಅಳವಿನೊಳಗಿನದ್ದೇ.